ಡಿಸೆಂಬರಿನ ಸೇವೆ, ಮಕ್ಕಳ ಜೊತೆ ಹಬ್ಬ: ಹಿರಿಯ ಮಿಷನರಿ ದಂಪತಿಗಳಿಗೆ ಮಾರ್ಗದರ್ಶಿ

ಶಾಲೆಯಲ್ಲೋ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ದುಡಿದು ನಿವೃತ್ತರಾಗಿದ್ದೀರಿ. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಿದ್ದಾರೆ. ಕೈಕಾಲು ಇನ್ನೂ ಗಟ್ಟಿಯಾಗಿವೆ. ಹಾಗಾಗಿ ಗಂಡ-ಹೆಂಡತಿ ಇಬ್ಬರೂ ಒಂದು ವರ್ಷದ ಮಟ್ಟಿಗೆ ಬೇರೆ ಊರಿನ ಸಭೆಗೋ (ಅಂದರೆ ಚರ್ಚಿಗೋ) ಮಿಷನ್ ಆಸ್ಪತ್ರೆಗೋ ಹಾಸ್ಟೆಲಿಗೋ ಸೇವೆಗೆ ಬರುತ್ತೇವೆಂದು ಒಪ್ಪಿಕೊಂಡಿದ್ದೀರಿ. ಈ ಲೇಖನ ನಿಮಗಾಗಿ. ನಾನು ನರ್ಸ್ ಆಗಿದ್ದವಳು, ನಮ್ಮವರು ಹೈಸ್ಕೂಲ್ ಮೇಷ್ಟ್ರು. ಕರಾವಳಿ ಬಿಟ್ಟು ಉತ್ತರ ಕರ್ನಾಟಕದ ಸಭೆಗಳಲ್ಲಿ ಇದ್ದು ಕಲಿತದ್ದನ್ನು ಬರೆಯುತ್ತಿದ್ದೇನೆ.

ವರ್ಷದ ಉಳಿದ ತಿಂಗಳು ಹೇಗೋ ನಡೆದುಹೋಗುತ್ತದೆ. ಕಷ್ಟ ಬರುವುದು ಡಿಸೆಂಬರಿನಲ್ಲಿ. ಸಭೆಗೆ ನಿಮ್ಮ ಅಗತ್ಯ ಅತಿ ಹೆಚ್ಚು ಇರುವುದು ಆಗಲೇ. "ಅಮ್ಮಾ, ಕ್ರಿಸ್‌ಮಸ್‌ಗೆ ಮನೆಗೆ ಬರ್ತೀರಲ್ವಾ?" ಎಂದು ಮಕ್ಕಳು ಕೇಳುವುದೂ ಆಗಲೇ. ಇದು ಹೊಸ ಕಷ್ಟ ಏನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಆ ದಂಪತಿಗಳು ತಮ್ಮ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಓದಿಗೆಂದು ಯುರೋಪಿಗೆ ಕಳಿಸಬೇಕಿತ್ತು. ಹಡಗಿನಲ್ಲಿ ಹೋಗಿ ಬರುವ ಕಾಗದಗಳಲ್ಲೇ ಮಕ್ಕಳು ಬೆಳೆಯುವುದನ್ನು ನೋಡಿದರು. ನಮ್ಮ ಕೈಯಲ್ಲಿ ಫೋನ್ ಇದೆ, ರೈಲಿದೆ. ಸ್ವಲ್ಪ ಮುಂಚೆ ಯೋಚಿಸಿದರೆ ಸೇವೆಯನ್ನೂ ಬಿಡಬೇಕಿಲ್ಲ, ಮಕ್ಕಳನ್ನೂ ಬಿಡಬೇಕಿಲ್ಲ.

ನಾನು ಹೇಳುವ ಉಪಾಯ ಇಷ್ಟೇ: 24 ಮತ್ತು 25 ಸಭೆಗೆ ಕೊಡಿ. 26ರಿಂದ ಜನವರಿ 6ರವರೆಗಿನ ದಿನಗಳಲ್ಲಿ ಮನೆಯವರ ಜೊತೆ ಹಬ್ಬ ಮಾಡಿ. ಉಳಿದ ಹೆಜ್ಜೆಗಳೆಲ್ಲ ಇದನ್ನು ನಡೆಸಿಕೊಡುವುದಕ್ಕೆ.

ಮೊದಲ ಹೆಜ್ಜೆ: ಸೆಪ್ಟೆಂಬರಿನಲ್ಲೇ ಮಕ್ಕಳಿಗೆ ಹೇಳಿ

ಕ್ರಿಸ್‌ಮಸ್ ಒಂದೇ ದಿನದ ಹಬ್ಬವಲ್ಲ. ಸಭೆಯ ಪಂಚಾಂಗದಲ್ಲಿ ಅದು 25ಕ್ಕೆ ಶುರುವಾಗಿ ಹನ್ನೆರಡು ದಿನ ನಡೆಯುತ್ತದೆ. ಜನವರಿ 6 ಮೂಡಣ ದಿಕ್ಕಿನ ಜೋಯಿಸರು ಕೂಸನ್ನು ನೋಡಲು ಬಂದದ್ದನ್ನು ನೆನೆಯುವ ದಿನ. ಅರ್ಮೇನಿಯಾದ ಸಭೆಯವರು ಯೇಸುವಿನ ಜನನವನ್ನು ಆಚರಿಸುವುದೇ ಜನವರಿ 6ರಂದು. ಇಥಿಯೋಪಿಯಾದವರ ಕ್ರಿಸ್‌ಮಸ್ ಜನವರಿ 7. ಇದನ್ನು ಮೊಮ್ಮಕ್ಕಳಿಗೆ ಹೇಳಿ ನೋಡಿ. "ಹಾಗಾದ್ರೆ ನಮ್ಮ ಕ್ರಿಸ್‌ಮಸ್ 28ಕ್ಕೆ!" ಎಂದು ಅವರೇ ತಾರೀಖು ಗೊತ್ತು ಮಾಡುತ್ತಾರೆ. ದೊಡ್ಡವರನ್ನು ಒಪ್ಪಿಸುವುದೇ ಸ್ವಲ್ಪ ಕಷ್ಟ.

ಹೇಳುವಾಗ "ಈ ಸಲ ಬರೋಕಾಗಲ್ಲ" ಎಂದು ಶುರು ಮಾಡಬೇಡಿ. "28ಕ್ಕೆ ನಮ್ಮನೆ ಕ್ರಿಸ್‌ಮಸ್, ಎಲ್ಲರೂ ಸೇರೋಣ" ಎಂದು ತಾರೀಖಿನಿಂದಲೇ ಮಾತು ತೆಗೆಯಿರಿ. ಬೀಗರ ಕಿವಿಗೂ ಹಾಕಿ. ಮದುವೆಯಾದ ಮಗಳಿಗೆ 25ನೇ ತಾರೀಖು ಯಾವತ್ತೂ ಎಳೆದಾಟದ ದಿನ. ಅತ್ತೆಮನೆಯವರು ಊಟಕ್ಕೆ ಕಾಯುತ್ತಿರುತ್ತಾರೆ, ತವರಿನವರೂ ಕಾಯುತ್ತಿರುತ್ತಾರೆ. ನೀವು 28 ಎಂದ ಕೂಡಲೇ ಅವಳಿಗೆ ಅರ್ಧ ಭಾರ ಇಳಿಯುತ್ತದೆ. ನಮ್ಮ ಮಗಳು ಅದನ್ನು ಬಾಯಿಬಿಟ್ಟೇ ಹೇಳಿದಳು.

ಮೊಮ್ಮಕ್ಕಳ ಶಾಲೆಯ ರಜೆ ಯಾವಾಗ ಎಂದು ಕೇಳಿಕೊಳ್ಳಿ. ಎಲ್ಲ ಶಾಲೆಗಳಿಗೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ 25 ಒಂದೇ ದಿನ. ಕೊಲ್ಲಿ ದೇಶಗಳಲ್ಲಿ ಇರುವ ಮಕ್ಕಳಿಗೆ 25 ಮಾಮೂಲಿ ಕೆಲಸದ ದಿನ. ಅಂಥವರಿಗೆ ಆ ವಾರದ ರಜಾದಿನವೇ ಹಬ್ಬಕ್ಕೆ ಅನುಕೂಲ.

ಎರಡನೇ ಹೆಜ್ಜೆ: ಟಿಕೆಟ್

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ. ಡಿಸೆಂಬರ್ 26ಕ್ಕೆ ಹೊರಡುವವರಿಗೆ ಅಕ್ಟೋಬರ್ 27ರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಅವತ್ತೇ ಮಾಡಿಸಿ. ಒಂದು ವಾರ ಬಿಟ್ಟರೆ ವೇಟಿಂಗ್ ಲಿಸ್ಟ್. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಆದರೆ ಕೆಳಗಿನ ಬರ್ತಿನ ಕೋಟಾ ಇದೆ. ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು. ಟಿಕೆಟ್ಟಿನಲ್ಲಿ ನೀವಿಬ್ಬರೇ ಇದ್ದರೆ ಈ ಕೋಟಾ ಸಿಗುತ್ತದೆ. ಮಕ್ಕಳು-ಮೊಮ್ಮಕ್ಕಳ ಹೆಸರನ್ನೂ ಅದೇ ಟಿಕೆಟ್ಟಿಗೆ ಸೇರಿಸಿದರೆ ಕೈತಪ್ಪುತ್ತದೆ. ಮಂಡಿ ನೋವಿರುವವರಿಗೆ ಇದು ಸಣ್ಣ ವಿಷಯವಲ್ಲ. ನಿಮ್ಮದನ್ನು ಬೇರೆಯೇ ಮಾಡಿಸಿ.

ತತ್ಕಾಲ್ ನಂಬಿ ಕೂರಬೇಡಿ. ಅದು ತೆರೆಯುವುದು ಹಿಂದಿನ ದಿನ. ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಆನ್‌ಲೈನಿನಲ್ಲಿ ಮಾಡುವುದಾದರೆ ಆಧಾರ್ ಜೋಡಿಸಿದ ಖಾತೆಯೂ ಬೇಕು. 25ರ ಬೆಳಿಗ್ಗೆ 10 ಗಂಟೆಗೆ ನೀವು ಎಲ್ಲಿರುತ್ತೀರಿ ಎಂದು ಯೋಚಿಸಿ. ಆರಾಧನೆ ಮುಗಿಸಿ ಜನರಿಗೆ ಕೈಕೊಡುತ್ತಾ ಬಾಗಿಲಲ್ಲಿ ನಿಂತಿರುತ್ತೀರಿ.

ಮೂರನೇ ಹೆಜ್ಜೆ: ನವೆಂಬರಿನಲ್ಲಿ ಮುಗಿಸಬೇಕಾದ ಕೆಲಸ

ಪೆನ್ಷನ್ ಬರುವವರು ಜೀವನ ಪ್ರಮಾಣ ಪತ್ರವನ್ನು ನವೆಂಬರಿನಲ್ಲೇ ಕೊಟ್ಟುಬಿಡಿ. ಹೊಸ ಊರಿನ ಓಡಾಟದಲ್ಲಿ ಇದು ಮರೆತುಹೋದರೆ ಹಬ್ಬದ ಹೊತ್ತಿಗೆ ಪೆನ್ಷನ್ ನಿಂತಿರುತ್ತದೆ. ಡಿಜಿಟಲ್ ಪ್ರಮಾಣ ಪತ್ರವನ್ನು ಎಲ್ಲಿಂದ ಬೇಕಾದರೂ ಕೊಡಬಹುದು. ಅದಕ್ಕಾಗಿ ನಿಮ್ಮೂರಿನ ಬ್ಯಾಂಕಿಗೇ ಹೋಗಬೇಕಿಲ್ಲ.

ಔಷಧಿ ಜನವರಿ ಮಧ್ಯದವರೆಗೆ ಆಗುವಷ್ಟು ಒಮ್ಮೆಲೇ ತಂದಿಡಿ. ಚೀಟಿಯ ಫೋಟೋ ಇಬ್ಬರ ಫೋನಿನಲ್ಲೂ ಇರಲಿ, ಒಬ್ಬ ಮಗನಿಗೋ ಮಗಳಿಗೋ ಕಳಿಸಿಡಿ. ಬಿಪಿ, ಸಕ್ಕರೆ ಇರುವವರು ಡಿಸೆಂಬರಿಗೆ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸಿ, "ಈ ತಿಂಗಳು ಊಟದ ಹೊತ್ತು ಏರುಪೇರಾಗುತ್ತೆ, ಏನು ಮಾಡಲಿ?" ಎಂದು ನೇರವಾಗಿ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಕೇಳಲೇಬೇಕು. ಫ್ಲೂ ಲಸಿಕೆಯ ಬಗ್ಗೆಯೂ ಆಗಲೇ ಕೇಳಿ.

ಬೀಗ ಹಾಕಿ ಬಂದ ಮನೆಯ ಕೀಲಿ ಪಕ್ಕದ ಮನೆಯವರ ಹತ್ತಿರ ಇರಲಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಆಗಿದೆಯಾ ನೋಡಿಸಿ.

ನಾಲ್ಕನೇ ಹೆಜ್ಜೆ: ಆ ಊರಿನ ಕ್ರಿಸ್‌ಮಸ್ ಹೇಗೆ ಅಂತ ಮೊದಲು ತಿಳಿಯಿರಿ

ಅಡ್ವೆಂಟ್ ಎಂದರೆ ಕ್ರಿಸ್‌ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರದ ಸಿದ್ಧತೆಯ ಕಾಲ. ಅದರ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಅದಕ್ಕೆ ಎರಡು ವಾರ ಮುಂಚೆ ಸಭಾಪಾಲಕರ (ಪಾಸ್ಟರ್) ಜೊತೆ ಕೂತು ಮಾತಾಡಿ. ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ಸ್ ಯಾವತ್ತಿನಿಂದ? ಸಂಡೇ ಸ್ಕೂಲಿನ ನಾಟಕ ಯಾರು ಮಾಡಿಸುತ್ತಾರೆ? ಸ್ತ್ರೀ ಸಂಘದವರು ಏನು ಮಾಡುತ್ತಾರೆ? ಹಳ್ಳಿಯ ಸಣ್ಣ ಸಭೆಗಳಿಗೆ ಯಾವ ದಿನ ಆರಾಧನೆ? ಒಬ್ಬ ಸಭಾಪಾಲಕರಿಗೆ ಇಂಥ ಸಭೆಗಳು ಹಲವು ಇರುತ್ತವೆ. ಎಲ್ಲ ಕಡೆಗೂ 25ಕ್ಕೇ ಹೋಗುವುದು ಅವರಿಗೆ ಸಾಧ್ಯವಿಲ್ಲ. ಹಿರಿಯ ದಂಪತಿ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ.

ಹಾಗಂತ ಎಲ್ಲಕ್ಕೂ "ನಾವಿದ್ದೇವೆ" ಎನ್ನಬೇಡಿ. ಮೂರೇ ಕೆಲಸ ಹಿಡಿಯಿರಿ. ನಾಟಕ ಮಾಡಿಸುವ ಟೀಚರ್ ವರ್ಷ ವರ್ಷ ಅದನ್ನು ಮಾಡಿಸುತ್ತಾ ಬಂದಿರುತ್ತಾರೆ. ಕ್ವಾಯರಿನವರಿಗೆ ಅವರದೇ ಹಾಡುಗಳಿರುತ್ತವೆ. ನಮ್ಮೂರಿನಲ್ಲಿ ಹೀಗೆ ಮಾಡುತ್ತಿದ್ದೆವು ಎಂಬ ಮಾತು ಡಿಸೆಂಬರಿನಲ್ಲಿ ಬಾಯಿಗೆ ಬರದಿದ್ದರೆ ಒಳ್ಳೆಯದು. ಯಾರೂ ಹಿಡಿಯದೆ ಬಿಟ್ಟ ಕೆಲಸ ಯಾವುದು ಎಂದು ಕೇಳಿ. ಬಹುತೇಕ ಎಲ್ಲ ಕಡೆ ಉತ್ತರ ಒಂದೇ: ಮನೆ ಭೇಟಿ.

ಐದನೇ ಹೆಜ್ಜೆ: ದುಃಖದ ಮನೆಗಳಿಗೆ ಮೊದಲು ಹೋಗಿ

ನನಗೆ ಕೇಳಿದರೆ ಈ ತಿಂಗಳ ದೊಡ್ಡ ಸೇವೆ ಇದೇ. ಆ ವರ್ಷ ಯಾರ ಯಾರ ಮನೆಯಲ್ಲಿ ಸಾವಾಗಿದೆ ಎಂದು ಸಭಾಪಾಲಕರಿಂದ ಪಟ್ಟಿ ತೆಗೆದುಕೊಳ್ಳಿ. ಅಡ್ವೆಂಟಿನ ಮೊದಲ ಎರಡು ವಾರದಲ್ಲಿ ಆ ಮನೆಗಳನ್ನು ಮುಗಿಸಿ. ಕ್ಯಾರಲ್ಸ್ ಶುರುವಾಗುವ ಮುಂಚೆ ಹೋಗಬೇಕು. ಯಾಕೆ ಎಂದು ಹೇಳುತ್ತೇನೆ.

ಗದಗ ಕಡೆಯ ಒಂದು ನೇಕಾರರ ಮನೆ. ಹಿರಿಯ ಮಗ ಆಗಸ್ಟಿನಲ್ಲಿ ತೀರಿಕೊಂಡಿದ್ದ. ಬೀದಿಯ ಬೇರೆ ಮನೆಗಳ ಮುಂದೆ ನಕ್ಷತ್ರ ತೂಗುತ್ತಿತ್ತು, ಆ ಮನೆಯ ಮುಂದೆ ಬರೀ ಮೊಳೆ ಇತ್ತು. ಅಜ್ಜಿ ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ ಕೂರಿಸಿದರು. ನಾವು ಏನೂ ಕೇಳುವ ಮುಂಚೆಯೇ ಹೇಳಿದರು: "ಅಮ್ಮಾರ, ಈ ವರ್ಷ ನಕ್ಷತ್ರ ಕಟ್ಟೂದಿಲ್ರಿ ನಾವು. ಕರದ ತಿನಿಸೂ ಮಾಡೂದಿಲ್ಲ." ನಮ್ಮವರು ಸುಮ್ನೆ ತಲೆಯಾಡಿಸಿದರು. ಕ್ಯಾರಲ್ಸಿನವರು ಬರಬಹುದಾ ಎಂದು ನಾನು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. "ಬರ್ಲಿರಿ. ಬಾಗ್ಲಾ ತಗೀತೀನಿ. ಆದ್ರ ಡೋಲು ಬ್ಯಾಡ್ರಿ, ಒಂದ ಹಾಡು ಸಾಕು. ಅವ್ನೂ ಹಾಡಾಕ ಹೋಗ್ತಿದ್ದ."

ಈ ಮಾತು ಮುಂಚೆಯೇ ಗೊತ್ತಾದ್ದರಿಂದ ಯುವಕರಿಗೆ ಹೇಳಿಟ್ಟೆವು. ಆ ಬೀದಿಗೆ ಬಂದಾಗ ಡೋಲು ಕೆಳಗಿಟ್ಟು, ಸಾಂತಾ ವೇಷದ ಹುಡುಗ ಹಿಂದೆ ನಿಂತು, ತೀರಿಕೊಂಡ ಮಗನ ಗೆಳೆಯರು ಒಂದೇ ಹಾಡು ಹಾಡಿದರು. ಕ್ಯಾರಲ್ಸಿಗೆ ಮುಂಚೆ ಹೋಗಿ ಬನ್ನಿ ಎಂದು ಹೇಳುವುದು ಇದಕ್ಕೇ.

ಇಂಥ ಮನೆಯಲ್ಲಿ ಮಾಡಬೇಕಾದ್ದು ಕಡಿಮೆ. ಹತ್ತು ನಿಮಿಷ ಸುಮ್ಮನೆ ಕೂರಿ. ತೀರಿಕೊಂಡವರ ಹೆಸರು ಹೇಳಿ, ಹೆಸರು ತಪ್ಪಿಸಿ ಮಾತಾಡಬೇಡಿ. ಬೈಬಲಿನ ಒಂದು ಸಣ್ಣ ಕೀರ್ತನೆ ಓದಿ, ಚಿಕ್ಕ ಪ್ರಾರ್ಥನೆ ಮಾಡಿ. "ಹಬ್ಬ ಮಾಡಬೇಕು, ಅವರಿಗೂ ಅದೇ ಇಷ್ಟ" ಎಂದು ಬಲವಂತ ಮಾಡಬೇಡಿ. ನಕ್ಷತ್ರ ಕಟ್ಟುವುದೂ ಬಿಡುವುದೂ ಅವರಿಗೆ ಬಿಟ್ಟದ್ದು. ಸಿಹಿ ಬದಲು ಹಣ್ಣು ಒಯ್ಯಿರಿ, ಇಲ್ಲದಿದ್ದರೆ ಒಂದು ಹೊತ್ತಿನ ಸಾದಾ ಊಟ. 25ರಂದು ಅವರು ಆರಾಧನೆಗೆ ಬರುವುದಾದರೆ ಯಾರ ಜೊತೆ ಕೂರುತ್ತಾರೆ ಎಂದು ಕೇಳಿ. ಮೊದಲ ಕ್ರಿಸ್‌ಮಸ್‌ನಲ್ಲಿ ವಿಧವೆಯರಿಗೆ ಪಕ್ಕದ ಖಾಲಿ ಜಾಗವೇ ಅತಿ ದೊಡ್ಡ ಕಷ್ಟ. ನಿಮ್ಮಲ್ಲಿ ಒಬ್ಬರು ಅಲ್ಲಿ ಕೂತರೆ ಸಾಕು.

ಕಾಯಿಲೆಯಿಂದ ಹಾಸಿಗೆ ಹಿಡಿದವರಿಗೆ ಸಂಸ್ಕಾರ (ರೊಟ್ಟಿ-ದ್ರಾಕ್ಷಾರಸದ ಕರ್ತನ ಭೋಜನ) ಬೇಕಿದ್ದರೆ ಸಭಾಪಾಲಕರಿಗೆ ತಿಳಿಸಿ. ನೀವು ಹೋಗುವುದು ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಇರಲಿ. ಮನೆಯವರಿಗೂ ಅನುಕೂಲ, ನಿಮಗೂ ಮಧ್ಯಾಹ್ನ ಮಲಗಲು ಹೊತ್ತು ಸಿಗುತ್ತದೆ. ದಿನಕ್ಕೆ ಮೂರು ಮನೆ ದಾಟಬೇಡಿ.

ಆರನೇ ಹೆಜ್ಜೆ: ಕ್ಯಾರಲ್ಸ್

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಇದು 2000ದ ಶಬ್ದ ಮಾಲಿನ್ಯ ನಿಯಮ. ವಾಹನದಲ್ಲಿ ಮೈಕ್ ಕಟ್ಟಿ ಹೋಗುವ ಯುವಕರಿದ್ದರೆ ಪೊಲೀಸ್ ಠಾಣೆಯಿಂದ ಅನುಮತಿ ಮೊದಲೇ ತೆಗೆದುಕೊಳ್ಳಲಿ. ಅರ್ಜಿ ಬರೆದುಕೊಟ್ಟು ಅವರ ಜೊತೆ ಠಾಣೆಗೆ ಹೋಗಿ ಬರುವ ಕೆಲಸವನ್ನು ಹಿರಿಯರು ಮಾಡಿದರೆ ಚೆನ್ನ.

ಡಿಸೆಂಬರಿನಲ್ಲಿ ಬಯಲುಸೀಮೆಯ ರಾತ್ರಿ ಕರಾವಳಿಯವರಿಗೆ ಜಾಸ್ತಿ ಚಳಿ. ಸ್ವೆಟರ್, ಕಿವಿ ಮುಚ್ಚುವ ಮಫ್ಲರ್, ಟಾರ್ಚ್ ಬೇಕೇ ಬೇಕು. ಮೊದಲ ಒಂದು ಗಂಟೆ ಅವರ ಜೊತೆ ನಡೆದು ಮನೆಗೆ ಬನ್ನಿ. ಅವರು ಮುಗಿಸಿ ಬರುವ ಹೊತ್ತಿಗೆ ಬಿಸಿ ಬಿಸಿ ಶುಂಠಿ ಚಹಾ, ಮಂಡಕ್ಕಿ ಸಿದ್ಧವಾಗಿರಲಿ. ಹುಡುಗರು ಮನಸ್ಸು ಬಿಚ್ಚಿ ಮಾತಾಡುವುದು ಆ ಹೊತ್ತಿನಲ್ಲೇ. ಡಬ್ಬಿಯ ಕಾಣಿಕೆಯನ್ನು ಅವತ್ತೇ ರಾತ್ರಿ ಇಬ್ಬರು ಎಣಿಸಿ ಬರೆದಿಡಲಿ.

ಪ್ರತಿ ಮನೆಯಲ್ಲೂ ಕೇಕು, ಕಾಫಿ ಬರುತ್ತದೆ. ಬೇಡ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ. ಕೈಚೀಲದಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳಿ. "ಮನೆಗೆ ಒಯ್ದು ತಿಂತೇವಮ್ಮಾ" ಎಂದು ಅವರ ಎದುರೇ ಅದರಲ್ಲಿ ಹಾಕಿಕೊಳ್ಳಿ. ಯಾರಿಗೂ ನೋವಾಗುವುದಿಲ್ಲ.

ಏಳನೇ ಹೆಜ್ಜೆ: ಆಸ್ಪತ್ರೆ, ಹಾಸ್ಟೆಲ್, ವೃದ್ಧಾಶ್ರಮ

ಹಲವು ಸಭೆಗಳಲ್ಲಿ ಅಡ್ವೆಂಟಿನ ಒಂದು ಭಾನುವಾರ ವೈಟ್ ಗಿಫ್ಟ್ ಆರಾಧನೆ ಇರುತ್ತದೆ. ಬಿಳಿ ಕಾಗದದಲ್ಲಿ ಸುತ್ತಿದ ಉಡುಗೊರೆಯನ್ನು ಎಲ್ಲರೂ ತಂದು ಮುಂದೆ ಇಡುತ್ತಾರೆ. ಯಾರು ಏನು ತಂದರು ಎಂದು ತಿಳಿಯುವುದಿಲ್ಲ. ಬಡವರು ಬಡವರೆನಿಸದೆ ಕೊಡಬಹುದಾದ ಪದ್ಧತಿ ಇದು, ನನಗೆ ಬಹಳ ಇಷ್ಟ. ಒಂದೇ ತೊಂದರೆ ಎಂದರೆ, ಬಿಚ್ಚಿ ನೋಡಿದಾಗ ಸೋಪು, ಬಿಸ್ಕತ್ತೇ ರಾಶಿ ಬಿದ್ದಿರುತ್ತದೆ. ಹಾಗಾಗಿ ಎರಡು ವಾರ ಮುಂಚೆ ಹೋಗಿ ಏನು ಬೇಕೆಂದು ಕೇಳಿ ಬನ್ನಿ, ಪಟ್ಟಿಯನ್ನು ಸಭೆಯಲ್ಲಿ ಓದಿಸಿ. ವೃದ್ಧಾಶ್ರಮದವರು ಕೇಳುವುದು ಬೆಡ್‌ಶೀಟು, ದೊಡ್ಡವರ ಡಯಾಪರು, ಜಾರದ ಚಪ್ಪಲಿ, ಕಾಲುಚೀಲ. ಅಲ್ಲಿ ಸಕ್ಕರೆ ಕಾಯಿಲೆಯವರು ತುಂಬ ಜನ ಇರುತ್ತಾರೆ. ಎಲ್ಲರಿಗೂ ಕೇಕು ಕೊಟ್ಟು ಬಂದರೆ ರಾತ್ರಿ ಪಾಳಿಯ ನರ್ಸಿಗೆ ಕಷ್ಟ. ನರ್ಸ್ ಆಗಿದ್ದವಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಸ್ಪತ್ರೆಯ ವಾರ್ಡಿಗೆ ಹೋಗುವುದಾದರೆ ಮೇಲಿನವರ ಒಪ್ಪಿಗೆ ಬರಹದಲ್ಲೇ ಇರಲಿ. ನಾಲ್ಕೈದು ಜನ ಸಾಕು. ಮೆಲ್ಲಗೆ ಹಾಡಿ. ಹಣ್ಣು ಕೊಡುವ ಮುಂಚೆ ಸಿಸ್ಟರನ್ನು ಕೇಳಿ, ಆಪರೇಷನ್ನಿಗೆ ಉಪವಾಸ ಇಟ್ಟವರು ಇರಬಹುದು. ವಾರ್ಡಿನಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಎಲ್ಲರಿಗೂ ಒಂದೇ ಥರದ ಉಡುಗೊರೆ ಕೊಡಿ, ಅದಕ್ಕೆ ಬೇರೆ ಏನನ್ನೂ ಅಂಟಿಸಬೇಡಿ. ಯಾರಾದರೂ ತಾವಾಗಿ ಪ್ರಾರ್ಥನೆ ಕೇಳಿದರೆ ಮಾಡಿ. ಉಡುಗೊರೆಗೂ ನಂಬಿಕೆಗೂ ಗಂಟು ಹಾಕುವುದು ಕೊಡುವವರಿಗೂ ಶೋಭೆಯಲ್ಲ, ಪಡೆಯುವವರಿಗೂ ಮರ್ಯಾದೆಯಲ್ಲ. ರಾತ್ರಿ ಪಾಳಿಯಲ್ಲಿರುವ ನರ್ಸುಗಳು, ಆಯಾಗಳು, ಕಾವಲಿನವರಿಗೂ ಒಂದೊಂದು ಪೊಟ್ಟಣ ತೆಗೆದಿಡಿ. ಅವರನ್ನು ಎಲ್ಲರೂ ಮರೆಯುತ್ತಾರೆ.

ಹಾಸ್ಟೆಲಿನಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ರಜೆಗೆ ಮನೆಗೆ ಹೋಗದೆ ಉಳಿಯುವ ಮಕ್ಕಳು ಯಾರು? ಕಾರ್ಯಕ್ರಮ ಎಲ್ಲ ಮಕ್ಕಳೂ ಇರುವಾಗ, ಡಿಸೆಂಬರ್ 20ರ ಒಳಗೆ ಮುಗಿದಿರುತ್ತದೆ. ಹೋಗಲು ಮನೆ ಇಲ್ಲದವರೋ, ಅಪ್ಪ-ಅಮ್ಮ ದುಡಿಯಲು ದೂರ ಹೋದವರೋ ನಾಲ್ಕೈದು ಮಕ್ಕಳು 25ಕ್ಕೆ ಖಾಲಿ ಹಾಸ್ಟೆಲಿನಲ್ಲಿ ಇರುತ್ತಾರೆ. ವಾರ್ಡನ್ ಒಪ್ಪಿದರೆ ಅವತ್ತಿನ ಮಧ್ಯಾಹ್ನದ ಊಟಕ್ಕೆ ವಾರ್ಡನ್ ಜೊತೆಗೇ ಆ ಮಕ್ಕಳನ್ನು ನಿಮ್ಮ ಮನೆಗೆ ಕರೆಯಿರಿ. ನಿಮ್ಮ ಮಕ್ಕಳಿಲ್ಲದ ಮೇಜಿಗೂ ಅದು ಒಳ್ಳೆಯದು.

ಎಂಟನೇ ಹೆಜ್ಜೆ: ಅಡುಗೆಮನೆ

ಕರಾವಳಿಯವರಿಗೆ ಕುಸ್ವಾರ್, ಅಂದರೆ ಹಬ್ಬದ ಬಗೆಬಗೆಯ ತಿನಿಸು, ಇಲ್ಲದೆ ಕ್ರಿಸ್‌ಮಸ್ ಇಲ್ಲ. ಆದರೆ ಒಬ್ಬರೇ ಕೂತು ಕಿಡಿಯೊ (ಹಿಟ್ಟಿನ ಸಣ್ಣ ಸುರುಳಿ), ನೆವ್ರಿ ಎಲ್ಲ ಮಾಡಲು ಹೊರಡಬೇಡಿ. ಸ್ತ್ರೀ ಸಂಘದವರನ್ನು ಒಂದು ಮಧ್ಯಾಹ್ನ ಮನೆಗೆ ಕರೆಯಿರಿ. ನಾನು ಹೂವಿನಾಕಾರದ ಕೊಕ್ಕೀಸಿನ ಅಚ್ಚು ಒಯ್ದಿದ್ದೆ. ಅಲ್ಲಿನವರು ಕರ್ಚಿಕಾಯಿ ಹೂರಣ ತಂದರು. ನಮ್ಮ ನೆವ್ರಿ, ಅವರ ಕರ್ಚಿಕಾಯಿ ಅಕ್ಕತಂಗಿಯರು. ಕೊಕ್ಕೀಸಿಗೆ ಅಚ್ಚನ್ನು ಕಾದ ಎಣ್ಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಹಿಟ್ಟು ಅಚ್ಚಿನ ಮೇಲೆ ಮುಚ್ಚಿಕೊಂಡು ಹೂವು ಬಿಟ್ಟುಕೊಳ್ಳುವುದಿಲ್ಲ. ಮತ್ತೆ ಎಣ್ಣೆಗೆ ಇಟ್ಟು ಮೆಲ್ಲಗೆ ಅಲ್ಲಾಡಿಸಿದರೆ ಹೂವು ತಾನೇ ಜಾರುತ್ತದೆ. ಇದನ್ನು ತೋರಿಸಿದ ಮೇಲೆ ಅಚ್ಚು ನನ್ನ ಕೈಗೆ ಮತ್ತೆ ಬರಲಿಲ್ಲ, ಒಬ್ಬರಾದ ಮೇಲೆ ಒಬ್ಬರು ಹಿಡಿದರು. ಹೆಂಗಸರು ಕಷ್ಟಸುಖ ಹೇಳಿಕೊಳ್ಳುವುದು ಕೈ ಹಿಟ್ಟಿನಲ್ಲಿರುವಾಗ.

ಅವತ್ತು ಮಾಡಿದ್ದರಲ್ಲಿ ಒಂದು ಡಬ್ಬಿ ಎತ್ತಿಟ್ಟು 15ರೊಳಗೆ ಮಕ್ಕಳಿಗೆ ಕೊರಿಯರ್ ಮಾಡಿ. ಅಮ್ಮನ ಕೈತಿನಿಸು ಹಬ್ಬದ ದಿನ ಮನೆಯಲ್ಲಿದ್ದರೆ ಅರ್ಧ ನೀವೇ ಇದ್ದ ಹಾಗೆ. ಕೊಕ್ಕೀಸ್ ದಾರಿಯಲ್ಲಿ ಪುಡಿಯಾಗುತ್ತದೆ, ಕಿಡಿಯೊ ಕಳಿಸಿ.

ಒಂಬತ್ತನೇ ಹೆಜ್ಜೆ: 24 ಮತ್ತು 25

ಈ ಎರಡು ದಿನಕ್ಕೆ ಫೋನಿನ ಹೊತ್ತನ್ನು ಮುಂಚೆಯೇ ಬರೆದಿಟ್ಟು ಮಕ್ಕಳಿಗೆ ಕಳಿಸಿ. ಚಳಿಗಾಲದಲ್ಲಿ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ, ಲಂಡನ್ ಐದೂವರೆ, ನ್ಯೂಯಾರ್ಕ್ ಹತ್ತೂವರೆ, ಕ್ಯಾಲಿಫೋರ್ನಿಯಾ ಹದಿಮೂರೂವರೆ ಗಂಟೆ ಹಿಂದೆ. ಸಿಡ್ನಿ ಐದೂವರೆ ಗಂಟೆ ಮುಂದೆ. ಇದರಲ್ಲಿ ಒಂದು ಅನುಕೂಲ ಇದೆ. ನಮಗೆ 26ರ ಬೆಳಿಗ್ಗೆ 7 ಗಂಟೆ ಎಂದರೆ ಕ್ಯಾಲಿಫೋರ್ನಿಯಾದಲ್ಲಿ 25ರ ಸಂಜೆ ಐದೂವರೆ. ನಿಮ್ಮ ಕೆಲಸವೆಲ್ಲ ಮುಗಿದು ಆರಾಮಾಗಿ ಕೂತಿರುತ್ತೀರಿ, ಅವರ ಹಬ್ಬ ಇನ್ನೂ ನಡೆಯುತ್ತಿರುತ್ತದೆ. ಅಮೆರಿಕದಲ್ಲಿರುವ ಮಕ್ಕಳಿಗೆ ಆ ಬೆಳಿಗ್ಗೆಯೇ ಇಟ್ಟುಕೊಳ್ಳಿ. ಸಿಡ್ನಿಯವರಿಗೆ 24ರ ಸಂಜೆ 4ಕ್ಕೆ ಮಾಡಿ, ಅಲ್ಲಿ ರಾತ್ರಿ ಒಂಬತ್ತೂವರೆ. ಕೊಲ್ಲಿಯವರಿಗೆ 25ರ ರಾತ್ರಿ, ಅವರು ಕೆಲಸದಿಂದ ಮರಳಿದ ಮೇಲೆ.

24ರ ಮಧ್ಯಾಹ್ನ ಊಟ ಮಾಡಿ ಮಲಗಿಬಿಡಿ. ಆ ರಾತ್ರಿಯ ಆರಾಧನೆ ತಡವಾಗುತ್ತದೆ. 25ರ ಆರಾಧನೆ ಕೆಲವು ಕಡೆ ಬೆಳಗಿನ ಜಾವವೇ ಇರುತ್ತದೆ. ರಾತ್ರಿ ಹೊರಡುವಾಗ ಮಾತ್ರೆ ಜೇಬಿನಲ್ಲಿರಲಿ. 25ರ ಮಧ್ಯಾಹ್ನ ಹಾಸ್ಟೆಲ್ ಮಕ್ಕಳ ಊಟ ಆದ ಮೇಲೆ ಬಾಗಿಲು ಹಾಕಿ ವಿಶ್ರಾಂತಿ ತೆಗೆದುಕೊಳ್ಳಿ.

ಹತ್ತನೇ ಹೆಜ್ಜೆ: ಮನೆಯವರ ಕ್ರಿಸ್‌ಮಸ್

ಸಾಧ್ಯವಾದರೆ ಮಕ್ಕಳು ನೀವಿರುವಲ್ಲಿಗೇ ಬರಲಿ. ಅಪ್ಪ-ಅಮ್ಮ ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಎಂದು ಕಣ್ಣಾರೆ ನೋಡಿದ ಮೇಲೆ ಅವರ ಚಿಂತೆ ಕಡಿಮೆಯಾಗುತ್ತದೆ. ಹಳೆಯ ಮಿಷನ್ ಬಂಗಲೆಗಳು ದೊಡ್ಡವು, ಎತ್ತರದ ಮಾಡು, ರಾತ್ರಿ ತಣ್ಣಗಿರುತ್ತವೆ. ಕಂಬಳಿ ಎರವಲು ಕೇಳಿ ಇಟ್ಟುಕೊಳ್ಳಿ. ಬಿಸಿನೀರಿನ ವ್ಯವಸ್ಥೆ ಮೊದಲೇ ನೋಡಿ.

ಮೊಮ್ಮಕ್ಕಳಿಗೆ ಒಂದು ಕೆಲಸ ಕೊಡಿ. ಮಾಡಿದ ಕೆಲಸದಂತೆ ಬೇರೆ ಯಾವುದೂ ಮಕ್ಕಳ ಮನಸ್ಸಿನಲ್ಲಿ ಉಳಿಯುವುದಿಲ್ಲ. ನಮ್ಮ ಮೊಮ್ಮಗಳು ವೃದ್ಧಾಶ್ರಮದಲ್ಲಿ ಅಜ್ಜಿಯರ ಉಗುರಿಗೆ ಬಣ್ಣ ಹಚ್ಚಿದಳು. ಒಬ್ಬ ಅಜ್ಜಿ ಕೈ ಮುಂದೆ ಚಾಚಿ, ಬಿಸಿಲಿಗೆ ಹಿಡಿದು ನೋಡಿಕೊಂಡರು. ಮತ್ತೆ ಎಡಗೈಯನ್ನೂ ಕೊಟ್ಟರು. ಹುಡುಗಿ ಈಗಲೂ ಫೋನಿನಲ್ಲಿ ಆ ಅಜ್ಜಿಯನ್ನೇ ಮೊದಲು ಕೇಳುತ್ತಾಳೆ.

ಆದರೆ ಒಂದು ಪೂರ್ತಿ ದಿನ ಮನೆಯವರಿಗೆ ಮಾತ್ರ ಇರಲಿ. ಸಭಾಪಾಲಕರಿಗೆ ಮೊದಲೇ ತಿಳಿಸಿ, ಅವತ್ತು ಯಾವ ಭೇಟಿಯನ್ನೂ ಒಪ್ಪಿಕೊಳ್ಳಬೇಡಿ. ಬೆಳಿಗ್ಗೆ ಮನೆಯಲ್ಲೇ ಬೈಬಲಿನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಓದಿ, ಒಬ್ಬೊಬ್ಬರೂ ಎರಡೆರಡು ವಾಕ್ಯ ಓದಲಿ, ಚಿಕ್ಕವರು ಕೂಡ. ಆಮೇಲೆ ಉಡುಗೊರೆ, ಊಟ. ಊಟಕ್ಕೆ ಮನೆಯ ಮಾಮೂಲಿ ಹಬ್ಬದಡುಗೆಯೇ ಆಗಬೇಕು. 28ಕ್ಕೆ ಮಾಡಿದರೂ ಅದು ಕ್ರಿಸ್‌ಮಸ್ ಎಂದು ಮಕ್ಕಳಿಗೆ ಗೊತ್ತಾಗುವುದು ಅದರಿಂದಲೇ. ನಕ್ಷತ್ರ, ಗೋದಲಿ ಜನವರಿ 6ರವರೆಗೆ ತೆಗೆಯಬೇಡಿ.

ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ ಎಲ್ಲರೂ ಒಟ್ಟಿಗೆ ಹೋಗಿ. ಹೊಸ ವರ್ಷದ ಮೊದಲ ಭಾನುವಾರದ ಒಡಂಬಡಿಕೆಯ ಆರಾಧನೆವರೆಗೆ (ದೇವರಿಗೆ ಕೊಟ್ಟ ಮಾತನ್ನು ಹೊಸದು ಮಾಡಿಕೊಳ್ಳುವ ಆರಾಧನೆ) ಮಕ್ಕಳು ಉಳಿದರೆ ಇನ್ನೂ ಒಳ್ಳೆಯದು. ಯಾರಿಗೂ ಬರಲು ಆಗದಿದ್ದರೆ ಅದೇ ತಾರೀಖಿಗೆ ವಿಡಿಯೋದಲ್ಲಿ ಸೇರಿ. ಆದರೆ ಸುಮ್ನೆ ಮುಖ ನೋಡುತ್ತಾ ಕೂರಬೇಡಿ. ಎರಡೂ ಕಡೆ ಒಂದೇ ಅಡುಗೆ ಮಾಡಿ, ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ಒಟ್ಟಿಗೆ ಊಟ ಮಾಡಿ.

ನಿಮ್ಮಿಬ್ಬರ ಮಾತು

ಈ ಓಡಾಟದಲ್ಲಿ ಗಂಡ-ಹೆಂಡತಿ ಪರಸ್ಪರ ಮಾತಾಡುವುದೇ ಕಡಿಮೆಯಾಗುತ್ತದೆ. ಮಾತೆಲ್ಲ ಕೀಲಿ ಎಲ್ಲಿ, ಆಟೋ ಬಂತಾ, ಅಷ್ಟರಲ್ಲೇ ಮುಗಿಯುತ್ತದೆ. ವಾರದಲ್ಲಿ ಒಂದು ಸಂಜೆ ಇಬ್ಬರೇ ಹೊರಗೆ ನಡೆದು ಬನ್ನಿ. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರೇ ಹೋಗಿ ಬರಬಹುದು, ಜೋಡಿಯಾಗಿಯೇ ಎಲ್ಲ ಕಡೆ ಕಾಣಬೇಕೆಂದೇನಿಲ್ಲ. ಮಕ್ಕಳ ನೆನಪಾಗಿ ಕಣ್ಣು ತುಂಬಿದರೆ ತುಂಬಲಿ. ಆ ಊರಿನವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಗೋವಾ, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ಅವರಿಗೂ ಇದ್ದಾರೆ.

ಕೊನೆಯ ಹೆಜ್ಜೆ: ಜನವರಿಯಲ್ಲಿ ಒಂದು ನೋಟ್‌ಬುಕ್

ಮೊದಲ ವಾರ ಮುಗಿಯುವುದರೊಳಗೆ ಎಲ್ಲವನ್ನೂ ಬರೆದಿಡಿ, ಮುಂದಿನ ವರ್ಷ ಬರುವ ದಂಪತಿಗೆ ಬೇಕಾಗುತ್ತದೆ. ಯಾವ ಮನೆಯಲ್ಲಿ ದುಃಖ ಇತ್ತು, ಯಾರಿಗೆ ಸಂಸ್ಕಾರ ಮನೆಗೇ ಬೇಕು, ಹಾಸ್ಟೆಲಿನಲ್ಲಿ ಎಷ್ಟು ಮಕ್ಕಳು ಉಳಿದರು, ವೃದ್ಧಾಶ್ರಮದವರು ಏನು ಕೇಳಿದರು, ಠಾಣೆಗೆ ಕೊಟ್ಟ ಅರ್ಜಿಯ ನಕಲು, ಹಳ್ಳಿಗೆ ಹೋಗಲು ಯಾವ ಬಸ್ಸು ಎಷ್ಟು ಹೊತ್ತಿಗೆ. ಮನೆಯವರ ಕಷ್ಟದ ಒಳಮಾತುಗಳನ್ನು ಬರೆಯಬೇಡಿ, ಹೋಗಬೇಕಾದ ಮನೆ ಎಂದಷ್ಟೇ ಇರಲಿ. ಆ ಪುಸ್ತಕವನ್ನು ಸಭಾಪಾಲಕರ ಕೈಗೆ ಕೊಟ್ಟು, ನಿಮ್ಮೆದುರೇ ಒಮ್ಮೆ ಓದಿಸಿ. ಕೈಬರಹ ಅರ್ಥವಾಗದ ಕಡೆ ಅಲ್ಲೇ ಕೂತು ಬಿಡಿಸಿ ಬರೆದುಕೊಡಬಹುದು.